ಗುತ್ಯಮ್ಮನ ಹಂಡೆಯ ಮುಚ್ಚಳ

ನಮ್ಮ ದ್ವೀಪದ ಚರಿತ್ರೆಯನ್ನು ಯಾರಾದರೂ ಸರಿಯಾಗಿ ಬರೆಯುವುದಾದರೆ ಅದರಲ್ಲಿ ನಾಲ್ಕು ಘಟನೆಗಳಿಗೆ ದಪ್ಪ ಅಕ್ಷರ ಸಲ್ಲಬೇಕು: ಮೊದಲಿನವರು ದೋಣಿಯಲ್ಲಿ ಬಂದದ್ದು, ನಮ್ಮವರು ಹಡಗಿನಲ್ಲಿ ಬಂದದ್ದು, ಗುಡ್ಡ ಒಡೆದು ಹಳೇ ಊರು ಮುಳುಗಿದ್ದು, ಮತ್ತು ಗುತ್ಯಮ್ಮನ ಹಂಡೆಯ ಮುಚ್ಚಳ ಸಿಕ್ಕಿದ್ದು. ಮೊದಲಿನ ಮೂರರ ಬಗ್ಗೆ ತಕರಾರು ಮಾಡುವವರಿದ್ದಾರೆ. ನಾಲ್ಕನೆಯದರ ಬಗ್ಗೆ ಇಲ್ಲ. ಅದನ್ನು ಊರಿಗೆ ಊರೇ ಕಣ್ಣಾರೆ ಕಂಡಿದೆ, ಅದರ ವಿಷಯದಲ್ಲಿ ಬಾಯಾರೆ ಸುಳ್ಳೂ ಹೇಳಿದೆ.

ಮೊದಲಿನವರು ಹಕ್ಕಿಗಳ ಹಿಂದೆ ಬಂದರಂತೆ. ಹಕ್ಕಿಗಳು ಮೊಟ್ಟೆಯಿಟ್ಟು ಹಾರಿಹೋದವು, ಇವರು ಉಳಿದರು. ಆಮೇಲೆ ಬಿಳಿಯರು ಗಂಧದ ಮರಕ್ಕಾಗಿ ಬಂದರು. ಇದ್ದ ಮರಗಳನ್ನೆಲ್ಲ ಕಡಿದು ಸಾಗಿಸಿದ ಮೇಲೆ, ಈ ದ್ವೀಪದಲ್ಲಿ ಗಂಧವೇ ಇಲ್ಲವೆಂದು ಬೈದು ಹೋದರು. ಅವರ ಬೆನ್ನಿಗೆ ಒಂದು ಕಂಪನಿ ಬಂದು ತೆಂಗು ಹಾಕಿಸಿತು. ತೆಂಗಿದ್ದ ಮೇಲೆ ಹತ್ತುವವರು ಬೇಕಲ್ಲ. ಕಂಪನಿಯ ದಲ್ಲಾಳಿ ಪಡುವಣ ಕರಾವಳಿಯ ಬಂದರುಗಳಲ್ಲಿ ನಿಂತು, "ಹತ್ತಿರವೇ, ಸಿಂಹಳ ದಾಟಿದರೆ ಸಿಕ್ಕಿತು" ಎಂದು ನಮ್ಮ ಮುತ್ತಜ್ಜಂದಿರನ್ನು ಹಡಗು ಹತ್ತಿಸಿದ. ಸಿಂಹಳ ದಾಟಿದ ಮೇಲೂ ಹಡಗು ಒಂದು ಮಳೆಗಾಲ ಪೂರ್ತಿ ಓಡಿತು. ಈ ನೀರಿಗೆ ಶಾಂತಸಾಗರ ಎಂದು ಹೆಸರಿಟ್ಟ ಪುಣ್ಯಾತ್ಮರು ದಡದಲ್ಲಿ ಕುಳಿತು ಹೆಸರಿಟ್ಟಿರಬೇಕು. ಕೊಬ್ಬರಿಯ ಬೆಲೆ ಬಿದ್ದ ವರ್ಷ ಕಂಪನಿ ತನ್ನ ಕುರ್ಚಿ, ಗಡಿಯಾರ, ನಾಯಿಗಳನ್ನೆಲ್ಲ ಹಡಗಿಗೇರಿಸಿಕೊಂಡು ಹೊರಟುಹೋಯಿತು. ನಮ್ಮವರನ್ನು ಏರಿಸಿಕೊಳ್ಳಲು ಮರೆಯಿತು. ದಡದಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದ ಇವರನ್ನು ಮೊದಲಿನವರು ಬಂದು ನೋಡಿದರು, ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಕಾಯಿ ಕೊಟ್ಟರು. ಅಂದಿನಿಂದ ಎರಡೂ ಕಡೆಯವರದು ಒಂದೇ ಊರು. ಅವರ ಮಕ್ಕಳಿಗೆ ನಮ್ಮ ಮಾತು ಬಂತು, ನಮ್ಮ ಮಕ್ಕಳಿಗೆ ಅವರ ಮೂಗು ಬಂತು.

ಗುಡ್ಡ ಒಡೆದದ್ದು ಒಂದು ಸಂಜೆ, ಮನೆಮನೆಯಲ್ಲಿ ಮೀನು ಹೆಚ್ಚುವ ಹೊತ್ತಿಗೆ. ಕತ್ತಿ ಹಿಡಿದವರು ಕತ್ತಿ ಹಿಡಿದೇ, ಮೀನು ಹಿಡಿದವರು ಮೀನು ಹಿಡಿದೇ ದೋಣಿ ಹತ್ತಿದರು. ಗುತ್ಯಮ್ಮನ ಗಂಡ ಹಮ್ಮಯ್ಯನ ಅಜ್ಜಿ ಮಾತ್ರ ಬುದ್ಧಿ ಖರ್ಚು ಮಾಡಿ ಮನೆಯ ದೊಡ್ಡ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಬಂದಳು. ಅವಸರದಲ್ಲಿ ಅದರ ಮುಚ್ಚಳ ಅಲ್ಲಿಯೇ ಉಳಿಯಿತು. ಬದುಕಿದಷ್ಟು ಕಾಲ ಆ ಅಜ್ಜಿ ಗುಡ್ಡವನ್ನು ಬೈಯಲಿಲ್ಲ, ಬೆಂಕಿಯನ್ನು ಬೈಯಲಿಲ್ಲ. ಬರಿಗೈಯಲ್ಲಿ ಓಡಿಬಂದು ಮುಚ್ಚಳ ಬಿಟ್ಟುಬಂದ ಗಂಡನನ್ನು ಬೈದಳು.

ಬೆಳಿಗ್ಗೆ ದೋಣಿಗಳು ಮರಳಿ ಬಂದಾಗ ಜನರನ್ನು ಎಣಿಸಿದರು. ಒಬ್ಬರೂ ಕಡಿಮೆಯಿರಲಿಲ್ಲ. ಒಂದು ಕೂಸು ಹೆಚ್ಚಿತ್ತು. ಅದು ಬೂದಿಯ ಅಂಚಿನಲ್ಲಿ ಅಂಗಾತ ಮಲಗಿ ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಎತ್ತಿಕೊಂಡವರು ಮೈ ಬೆಚ್ಚಗಿದೆ ಎಂದರು. ಅಳುವ ಕೂಸಿನ ಮೈ ಬೆಚ್ಚಗಿರದೆ ಇನ್ನೇನು ಎಂದು ಉಳಿದವರು ಅಂದರು. ಯಾರದೆಂದು ಕೇಳಿದ್ದಕ್ಕೆ ಎಲ್ಲ ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ಎತ್ತಿ ತೋರಿಸಿದರು. ಕಡೆಗೆ ದುಗ್ಗಿ ಎಂದು ಹೆಸರಿಟ್ಟು, ಅಮಾವಾಸ್ಯೆಯಿಂದ ಹುಣ್ಣಿಮೆಗೆ ಒಂದು ಮನೆ, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಇನ್ನೊಂದು ಮನೆ ಎಂದು ಸರದಿ ಗೊತ್ತುಮಾಡಿದರು.

ಬೆಂಕಿ ಹರಿದು ಸಮುದ್ರಕ್ಕಿಳಿದು ಆರಿದ ಮೇಲೆ ಉಳಿದದ್ದು ಕಪ್ಪು ಕಲ್ಲಿನ ಹೊಸನೆಲ. ಬೇರೆ ಸಪಾಟು ಜಾಗವಿಲ್ಲದ್ದರಿಂದ ಊರನ್ನು ಅದರ ಮೇಲೆಯೇ ಕಟ್ಟಿದರು. ಕಟ್ಟಿದ ಮೇಲೆ ಗೊತ್ತಾಯಿತು, ಹೊಸನೆಲದ ಮೇಲೆ ಒಲೆ ಹತ್ತುವುದಿಲ್ಲ. ಕಟ್ಟಿಗೆ ಒಣಗಿರಲಿ, ಕಡ್ಡಿ ಹೊಸದಿರಲಿ, ಗಾಳಿ ಅನುಕೂಲವಿರಲಿ, ಬೆಂಕಿ ಒಮ್ಮೆ ಮುಖ ತೋರಿಸಿ ಹೋಗಿಬಿಡುತ್ತದೆ. ಊರವರು ದಡದ ಮರಳಿನ ಮೇಲೆ ಒಂದೇ ಒಲೆ ಹೂಡಿ ಸಾಮೂಹಿಕವಾಗಿ ಬೇಯಿಸಿಕೊಂಡು, ಸಾಮೂಹಿಕವಾಗಿ ಜಗಳವಾಡಿಕೊಂಡು ಕಾಲ ತಳ್ಳಿದರು. ದುಗ್ಗಿ ಹೆಜ್ಜೆಯಿಡಲು ಕಲಿತ ವರ್ಷ ಗುಡ್ಡ ಒಂದು ಸಲ ಕೆಮ್ಮಿತು. ಹೋಗಿ ನೋಡಿದರೆ ಬೂದಿಯಂಚಿನಲ್ಲಿ ಯಾರದೋ ಹಳೇ ಮನೆಯ ತೆಂಗು ತುರಿಯುವ ಮಣೆ, ಇದ್ದದ್ದು ಇದ್ದ ಹಾಗೆ, ಈಗಷ್ಟೇ ಇಳಿಸಿದ ಕಡುಬಿನಂತೆ ಬಿಸಿ. ಕಳಕೊಂಡವರು ಅದನ್ನು ಅತ್ತು ಕರೆದು ಮನೆಗೆ ತಂದು ಒಲೆಯ ಪಕ್ಕದಲ್ಲಿಟ್ಟರು. ಒಲೆ ಹತ್ತಿತು.

ಅಂದಿನಿಂದ ನಮ್ಮ ಊರು ಹೀಗೆ ನಡೆದಿದೆ. ಗುಡ್ಡ ಕೆಮ್ಮುತ್ತದೆ, ಒಂದು ವಸ್ತು ಬರುತ್ತದೆ, ಯಾರದೋ ಅವರ ಒಲೆಗೆ ಜೀವ ಬರುತ್ತದೆ. ಬೇರೆಯವರ ವಸ್ತು ಇಟ್ಟುಕೊಂಡರೆ ಹತ್ತುವುದಿಲ್ಲ. ಆ ಪ್ರಯೋಗವನ್ನು ಕೆಲವರು ಮಾಡಿ ಹಸಿ ಕೆಸುವಿನ ಗಡ್ಡೆ ತಿಂದು ಗಂಟಲು ಕೆರೆದುಕೊಂಡಿದ್ದಾರೆ. ಬೆಳಿಗ್ಗೆ ಎದ್ದು ಎದುರುಮನೆಯವರನ್ನು "ಕೆಮ್ಮಿತಾ?" ಎಂದು ಕೇಳುವುದು ನಮ್ಮಲ್ಲಿ ನಮಸ್ಕಾರವಿದ್ದಂತೆ. ಹೆಣ್ಣು ಕೊಡುವವರು ಗಂಡಿನ ಕಡೆಗೆ ಎಷ್ಟು ತೆಂಗಿದೆ ಎಂದು ಕೇಳುವುದಿಲ್ಲ, ಎಂತ ಬಂದಿದೆ ಎಂದು ಕೇಳುತ್ತಾರೆ. ಒಂದು ಮನೆಗೆ ಬಂದದ್ದು ಎಡಗಾಲಿನ ಚಪ್ಪಲಿ. ಅವರ ಒಲೆ ಊರಿನಲ್ಲೇ ಚೆನ್ನಾಗಿ ಉರಿಯುತ್ತದೆ. ನೆಂಟರು ಮಾತ್ರ ಊಟವಾದ ಮೇಲೆ ರುಚಿಯ ಬಗ್ಗೆ ಏನೂ ಹೇಳುವುದಿಲ್ಲ. ಮೊದಲ ಒಲೆ ಹೂಡಿದ್ದ ಆ ಮರಳನ್ನು ಸಮುದ್ರ ಎಂದೋ ತನ್ನದೆಂದು ತೆಗೆದುಕೊಂಡುಹೋಯಿತು. ಅಷ್ಟು ಹೊತ್ತಿಗೆ ಎಲ್ಲ ಮನೆಗೂ ಒಂದೊಂದು ವಸ್ತು ಬಂದಿದ್ದರಿಂದ ಯಾರೂ ಅದಕ್ಕಾಗಿ ಬೇಜಾರು ಮಾಡಿಕೊಳ್ಳಲಿಲ್ಲ.

ಒಬ್ಬಳು ಮಾಡಿಕೊಂಡಿರಬಹುದು. ದುಗ್ಗಿಗೆ ಹಳೇ ಊರಿನಲ್ಲಿ ಮನೆಯಿರಲಿಲ್ಲ. ಮನೆಯಿಲ್ಲದ್ದರಿಂದ ಕಳಕೊಂಡದ್ದೂ ಇರಲಿಲ್ಲ. ಕಳಕೊಳ್ಳದವರಿಗೆ ಗುಡ್ಡ ಎಂತ ಕೊಡುತ್ತದೆ? ದುಗ್ಗಿ ದುಗ್ಗಕ್ಕನಾದಳು, ಕೂದಲು ಬೆಳ್ಳಗಾಯಿತು, ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹುಣ್ಣಿಮೆ ಅಮಾವಾಸ್ಯೆಗೆ ಮನೆ ಬದಲಿಸುವುದು ತಪ್ಪಲಿಲ್ಲ. ಯಾವ ಮನೆಯೂ ತನ್ನ ಸರದಿ ಬಿಟ್ಟುಕೊಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಅವಳು ಬಂದರೆ ಹಟದ ಮಕ್ಕಳು ಮಲಗುತ್ತಿದ್ದವು, ಹಳಸಿದ ಜಗಳಗಳು ಮುಗಿಯುತ್ತಿದ್ದವು, ಬಸುರಿಯರಿಗೆ ಧೈರ್ಯ ಬರುತ್ತಿತ್ತು. ನಮ್ಮ ಮನೆಯ ಸರದಿ ಬರುತ್ತಿದ್ದದ್ದು ಮಳೆ ಹೊಳವಾಗುವ ಹುಣ್ಣಿಮೆಗೆ. ಈಗಲೂ ಮಳೆ ನಿಂತರೆ ನನಗೆ ಅವಳ ಸುಟ್ಟ ಮೀನಿನ ಚಟ್ನಿಯ ವಾಸನೆ ಬರುತ್ತದೆ.

ಎಲ್ಲ ಮನೆಗಳಲ್ಲಿ ಉಂಡವಳಾದ್ದರಿಂದ ಎಲ್ಲ ಮನೆಗಳ ಅಜ್ಜಿಯಂದಿರು ಕಳಕೊಂಡ ಸಾಮಾನುಗಳ ಗೋಳನ್ನೂ ಅವಳು ಕೇಳಿಸಿಕೊಂಡಿದ್ದಳು. ಹಾಗಾಗಿ ಬಂದ ವಸ್ತು ಯಾರದೆಂದು ಹೇಳುವ ಕೆಲಸ ತಾನಾಗಿ ಅವಳ ಪಾಲಿಗೆ ಬಂತು. ಊರ ನಡುವಿನ ಕಟ್ಟೆಯ ಮೇಲೆ ವಸ್ತುವನ್ನಿಟ್ಟರೆ ದುಗ್ಗಕ್ಕ ಅದನ್ನೆತ್ತಿ ಮುಂದೆ ನೋಡುವಳು, ಮಗುಚಿ ಹಿಂದೆ ನೋಡುವಳು, "ಇದು ಇಂಥವರದು" ಎನ್ನುವಳು. ತಪ್ಪಿದ್ದಿಲ್ಲ. ಒಂದು ಸಲ ಮಾತ್ರ ಕಂಪನಿಯ ಮೇಸ್ತ್ರಿ ದೊರೆಯ ಕಟ್ಟಿಸಿದ ಹಲ್ಲಿನ ಸೆಟ್ಟು ಬಂತು. ಕೇಳುವವರು ಯಾರೂ ಇಲ್ಲ, ನೀನೇ ಇಟ್ಟುಕೊಂಡು ಒಲೆ ಹೂಡು ಎಂದು ಊರವರು ದುಗ್ಗಕ್ಕನಿಗೆ ದುಂಬಾಲು ಬಿದ್ದರು. ಅವಳು ಸೆಟ್ಟನ್ನು ದೂರ ಹಿಡಿದು, "ದೊರೆ ಹಲ್ಲು ಒಲೆ ಪಕ್ಕ ಇಟ್ಕಂಡು ನಾನು ಅನ್ನ ಬೇಯ್ಸೂದಾ? ನನಗಿಂತ ಮುಂಚೆ ಅದೇ ಉಂಡ್ಕಂಡು ಹೋದ್ರೆ?" ಎಂದಳು. ಹಲ್ಲನ್ನು ಹಡಗಿನಲ್ಲಿ ಕಂಪನಿಯ ವಿಳಾಸಕ್ಕೆ ಕಳಿಸಿದೆವು. ಉತ್ತರ ಬಂದಿಲ್ಲ.

ಅವಳಿಗೇನು ಬೇಕಿತ್ತೆಂದು ನನಗೆ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ಜೀಗುಜ್ಜೆಯ ಸಿಪ್ಪೆ ಹೆರೆಯುತ್ತ ಕುಳಿತಿದ್ದಳು. ಮಂಡಿ ನೋವು ಬಂದಿತ್ತು. ನಾನು, "ಇನ್ನು ತಿರುಗೂದು ಸಾಕು, ಇಲ್ಲೇ ಇದ್ದುಬಿಡು ದುಗ್ಗಕ್ಕ" ಎಂದೆ.

"ಇದ್ದುಬಿಡೂಕೆ ಜಾಗ ಇಲ್ಲ ಅಂತ ಅಲ್ಲವೋ. ಇಲ್ಲಿದ್ರೆ ತನ್ನ ಸರದಿ ತಪ್ತು ಅಂತ ಗುತ್ಯಮ್ಮ ಬಂದು ನಿನ್ನ ಹೆಂಡ್ತಿ ಜುಟ್ಟು ಹಿಡೀತಾಳೆ." ಸ್ವಲ್ಪ ಹೊತ್ತು ಹೆರೆದಳು. "ಈ ಊರಲ್ಲಿ ನಾನು ಉಣ್ಣದ ಮನೆ ಇಲ್ಲ. ಕೂರದ ಮಣೆ ಇಲ್ಲ. ನಾನು ಬೇಯ್ಸಿದ್ರೂ ಉಂಡವ್ರು ಮನೆಯವ್ರಿಗೆ ಕೈಮುಗ್ದು ಹೋಗ್ತಾರೆ, ಅದು ಸರಿಯೇ, ಒಲೆ ಯಾರದೋ ಅನ್ನ ಅವರದು. ಆದ್ರೆ ಒಂದೇ ಒಂದು ಸಲ, ನಾನು ಕರೀಬೇಕು. ನೀವು ಬರಬೇಕು. ನನ್ನ ಒಲೇದು ಉಣ್ಬೇಕು. ಆಮೇಲೆ ಗುಡ್ಡ ಮತ್ತೆ ಒಡೆದ್ರೂ ಅಡ್ಡಿಲ್ಲ."

"ಒಡೆದ್ರೆ ಅಡ್ಡಿ ಇದೆ" ಎಂದೆ ನಾನು. ಮಾತು ಅಲ್ಲಿಗೆ ಬಿಟ್ಟೆವು. ಆದರೆ ನಮ್ಮ ಮನೆಯಲ್ಲಿ ಆಡಿದ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ನನ್ನ ಹೆಂಡತಿ ನೀರಿಗೆ ಹೋಗುತ್ತಾಳೆ. ವಾರ ಕಳೆಯುವುದರೊಳಗೆ ದುಗ್ಗಕ್ಕನ ಆಸೆ ಅವಳೊಬ್ಬಳನ್ನು ಬಿಟ್ಟು ಎಲ್ಲರ ಗುಟ್ಟಾಗಿತ್ತು.

ಮೀನಿನ ಹಂಗಾಮು ಮುಗಿಯುವ ಹೊತ್ತಿಗೆ ಗುಡ್ಡ ಕೆಮ್ಮಿತು. ಬೂದಿಯಂಚಿನಿಂದ ತಂದು ಕಟ್ಟೆಯ ಮೇಲಿಟ್ಟದ್ದು ಅಗಲವಾದ ತಾಮ್ರದ ಮುಚ್ಚಳ. ಹಿಡಿ ಕಿತ್ತುಹೋದ ಜಾಗದಲ್ಲಿ ತೆಂಗಿನ ಚಿಪ್ಪಿನ ತುಂಡೊಂದನ್ನು ತಂತಿಯಿಂದ ಬಿಗಿದಿದ್ದರು. ಆ ಚಿಪ್ಪಿನ ಕತೆಯನ್ನು ಹಮ್ಮಯ್ಯನ ಅಜ್ಜಿಯ ಬಾಯಲ್ಲಿ ಕೇಳದವರು ಊರಿನಲ್ಲಿ ಇರಲಿಲ್ಲ. ಹುಟ್ಟುವ ಮೊದಲೇ ಕೇಳಿದವರೂ ಇದ್ದರು. ಹಂಡೆಯಂತೂ ಈಗಲೂ ಹಮ್ಮಯ್ಯನ ಮನೆಯಲ್ಲಿತ್ತು. ಊರಿನ ಮದುವೆ ಮುಂಜಿಗಳ ಗಂಜಿಯೆಲ್ಲ ಅದರಲ್ಲೇ ಬೇಯುತ್ತಿತ್ತು, ಮುಚ್ಚಳದ ಬದಲಿಗೆ ಹಳೇ ದೋಣಿಯ ಹಲಗೆಯೊಂದನ್ನು ಹೊದ್ದುಕೊಂಡು. ಊರವರೆಲ್ಲ ಸಮಾಧಾನದಿಂದ ಕಟ್ಟೆಯ ಸುತ್ತ ಸೇರಿದರು. ಇಷ್ಟು ಸುಲಭದ ತೀರ್ಪು ಹಿಂದೆಂದೂ ಬಂದಿರಲಿಲ್ಲ.

ಆಗ ಹಮ್ಮಯ್ಯನ ಹೆಂಡತಿ ಗುತ್ಯಮ್ಮ ಬಂದಳು. ಗುತ್ಯಮ್ಮನ ನಾಲಿಗೆ ಹೇಗೆಂದರೆ, ಅವಳ ಮನೆಯ ಮುಂದೆ ಸಮುದ್ರ ಕೂಡ ಅಲೆಯ ಸದ್ದು ತಗ್ಗಿಸುತ್ತದೆ ಎಂದು ಗಂಡನೇ ಹೇಳುತ್ತಿದ್ದ, ಅವಳಿಲ್ಲದಾಗ. ಅವಳು ಸೊಂಟದ ಮೇಲೆ ಕೈಯಿಟ್ಟು ಮುಚ್ಚಳವನ್ನು ನೋಡಿದಳು. ಯಾರೂ ಏನೂ ಕೇಳುವ ಮೊದಲೇ, "ನಮ್ಮದಲ್ಲ" ಎಂದಳು.

ಹಮ್ಮಯ್ಯ ಬಾಯಿ ತೆರೆದ. ಅವಳು ಅವನ ಕಡೆ ತಿರುಗಿದಳು. "ಹೌದು, ನಮ್ಮದಲ್ಲ. ನಮ್ಮಲ್ಲಿ ಹಂಡೆಯೇ ಇಲ್ವಲ್ಲ" ಎಂದು ಹಮ್ಮಯ್ಯ ಬಾಯಿ ಮುಚ್ಚಿದ.

"ಯಾವ ಹಂಡೆ?" ಎಂದು ಕೇಳಿದ ತೆಹೋನಪ್ಪ. ಮೊದಲಿನವರ ಪೈಕಿ ಹಿರಿಯ ಅವನು, ಕಟ್ಟೆಯ ಯಜಮಾನ. ಅವನಿಗೆ ಕಿವಿ ಮಂದ. ಯಾವ್ಯಾವ ಮಾತಿಗೆ ಮಂದವಾಗಬೇಕೆಂಬುದು ಆ ಕಿವಿಗೆ ಚೆನ್ನಾಗಿ ಗೊತ್ತಿತ್ತು.

"ಅದೇ, ಇಲ್ಲದ ಹಂಡೆ" ಎಂದ ಹಮ್ಮಯ್ಯ.

ಆಮೇಲೆ ನನ್ನ ಹೆಂಡತಿ ಮೆಲ್ಲಗೆ, "ಹಂಡೆಯಾ? ನಾನಂತೂ ಯಾವತ್ತೂ ಕಂಡಿಲ್ಲ" ಎಂದಳು. ನಮ್ಮ ಮದುವೆಯ ದಿನ ಆ ಹಂಡೆಯ ಮಸಿ ತಾಗಿದ್ದ ಸೀರೆಯನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು, ಹಾಗೊಂದು ಹಂಡೆ ಈ ದ್ವೀಪದಲ್ಲಿ ಇದ್ದದ್ದೇ ತಮಗೆ ಗೊತ್ತಿಲ್ಲವೆಂದರು. ಗೊತ್ತಿಲ್ಲವೆನ್ನುವವರ ಹೊಟ್ಟೆಗಳೆಲ್ಲ ಆ ಹಂಡೆಯಲ್ಲೇ ಬೆಳೆದವು.

ದುಗ್ಗಕ್ಕ ಮುಚ್ಚಳವನ್ನೆತ್ತಿ ಮುಂದೆ ನೋಡಿದಳು, ಮಗುಚಿ ನೋಡಿದಳು. "ಎಂತ ಹಮ್ಮಯ್ಯ, ನಿನ್ನ ಅಜ್ಜಿ ನನ್ನ ಜಡೆ ಹಾಕ್ತಾ ಹಾಕ್ತಾ ಈ ಚಿಪ್ಪಿಗೆ ಅತ್ತದ್ದು ನಾನು ಕಂಡಿಲ್ವ? ಆ ಹಂಡೆ ನಾನು ತಿಕ್ಕಿಲ್ವ?"

"ಅಜ್ಜಿಗೆ ವಯಸ್ಸಾಗಿತ್ತು" ಎಂದ ಹಮ್ಮಯ್ಯ ನೆಲ ನೋಡುತ್ತ.

"ನಿಂಗೂ ಆಗಿದೆ" ಎಂದಳು ಗುತ್ಯಮ್ಮ ದುಗ್ಗಕ್ಕನಿಗೆ. "ಎಲ್ಲೋ ತಿಕ್ಕಿದ್ದನ್ನ ನಮ್ಮನೇಲಿ ತಿಕ್ಕಿದ್ದು ಅಂತಿ. ನಿನ್ನ ಸರದಿಯ ಕಾಟ ನನಗೆ ಸಾಕಾಗಿದೆ ಮಾರಾಯ್ತಿ. ಒಂದು ಒಲೆ ಹೂಡ್ಕಂಡು ನಮ್ಮನ್ನೆಲ್ಲ ಉದ್ಧಾರ ಮಾಡು."

ತೆಹೋನಪ್ಪ ಹೊಗೆಸೊಪ್ಪಿನ ಕೊಳವೆಯ ಬೂದಿ ಕೊಡವಿ, ಕಳಕೊಂಡ ಮನೆಯವರೇ ಅಲ್ಲವೆಂದ ಮೇಲೆ ಯಾರ ತೀರ್ಪೂ ನಡೆಯದೆಂದೂ, ಯಾರದೂ ಅಲ್ಲದ ವಸ್ತು ಯಾರ ಮನೆಗೂ ಸೇರದವರಿಗೆ ಸಲ್ಲತಕ್ಕದ್ದೆಂದೂ, ಇದು ತಮ್ಮವರು ಹಕ್ಕಿಗಳ ಹಿಂದೆ ಬಂದ ಕಾಲದಿಂದ ನಡೆದುಬಂದ ಕಟ್ಟಳೆಯೆಂದೂ ಹೇಳಿದ. ಹೇಳುವಾಗ ನಡುವೆ ಎರಡು ಕಡೆ ನಿಂತು ಯೋಚಿಸಬೇಕಾಯಿತು, ಅಷ್ಟು ಹಳೆಯ ಕಟ್ಟಳೆ ಅದು.

ದುಗ್ಗಕ್ಕ ಎಲ್ಲರ ಮುಖ ನೋಡಿದಳು. ಎಲ್ಲರೂ ಅವಳ ಮುಖ ಬಿಟ್ಟು ಬೇರೆಲ್ಲ ನೋಡುತ್ತಿದ್ದರು. ಅವಳು ಸೆರಗಿನಿಂದ ಮುಚ್ಚಳದ ಬೂದಿ ಒರೆಸಿದಳು, ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಬೇಡವೆನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಆಸೆ ದೊಡ್ಡದು, ಬಾಯಿ ತಾನಾಗಿ ಮುಚ್ಚಿತು.

ಹೊಸನೆಲದ ತುದಿಯಲ್ಲಿ, ಅಲೆ ಸಿಡಿಯುವ ಕಡೆ ಖಾಲಿ ಜಾಗವಿತ್ತು. ಅಲ್ಲಿ ತೆಂಗಿನ ಗರಿಯ ಗುಡಿಸಲು ಎದ್ದಿತು. ಮೂರು ಒಲೆಗಲ್ಲುಗಳನ್ನು ಆರಿಸಲು ಊರಿನ ಗಂಡಸರು ಪಟ್ಟ ಪಾಡು ಒಂದು ದೇವಸ್ಥಾನಕ್ಕಾಗುವಷ್ಟಿತ್ತು. ದುಗ್ಗಕ್ಕ ಕರೆಯಲು ಹೊರಟಳು. ಜೀವಮಾನದಲ್ಲಿ ಮೊದಲ ಸಲ ಗಂಟು ಹಿಡಿಯದೆ ಬರಿಗೈ ಬೀಸಿಕೊಂಡು ಮನೆಮನೆಗೆ ಹೋದಳು. ನಮ್ಮ ಬಾಗಿಲಿಗೆ ಬಂದವಳು ಒಳಗೆ ಬರಲಿಲ್ಲ. ಕರೆಯಲು ಬಂದವರು ಹೊಸ್ತಿಲಲ್ಲೇ ನಿಲ್ಲುವುದು ಪದ್ಧತಿ, ಅದನ್ನು ಮಾಡಿ ನೋಡುವ ಖುಷಿ ಅವಳಿಗೆ. "ಹುಣ್ಣಿಮೆ ದಿನ ನಮ್ಮನೇಲಿ ಊಟ" ಎಂದಳು. 'ನಮ್ಮನೇಲಿ' ಎಂದ ಮೇಲೆ ನಾಚಿದಳು.

"ಕಾಂಬ, ಬೇರೆ ಕಡೆ ಊಟ ಇಲ್ದಿದ್ರೆ ಬತ್ತೇವೆ" ಎಂದೆ. ಸುತ್ತ ನೀರಿರುವ ದ್ವೀಪದಲ್ಲಿ ಬೇರೆ ಕಡೆ ಎಲ್ಲಿ? ಅವಳು ನಗುತ್ತ ಹೋದಳು. ಎಲ್ಲ ಮನೆಯಲ್ಲೂ ಎಲ್ಲರೂ ಇದೇ ಮಾತು ಹೇಳಿದ್ದರಂತೆ.

ಹೊಸ ಒಲೆಯನ್ನು ಅದರ ಯಜಮಾನರು ಹಚ್ಚುವಂತಿಲ್ಲ. ಅವರು ಹೊಸ್ತಿಲಾಚೆ ನಿಂತಿರಬೇಕು, ಉರಿ ಕಂಡ ಮೇಲೆ ಒಳಗೆ ಬರಬೇಕು. ಯಜಮಾನರ ಆತುರ ಗುಡ್ಡಕ್ಕೆ ಕಾಣಬಾರದು ಎಂದು ಲೆಕ್ಕ. ಹುಣ್ಣಿಮೆಯ ಬೆಳಿಗ್ಗೆ ದುಗ್ಗಕ್ಕ ಕೈಕಟ್ಟಿಕೊಂಡು ಹೊರಗೆ ನಿಂತಳು. ಹಮ್ಮಯ್ಯ ಮುಚ್ಚಳವನ್ನು ಒಲೆಯ ಪಕ್ಕದಲ್ಲಿಟ್ಟು, ಯಾರಿಗೂ ಕಾಣದಂತೆ ಅದಕ್ಕೊಂದು ನಮಸ್ಕಾರ ಹಾಕಿದ. ಗುತ್ಯಮ್ಮ ಕಡ್ಡಿ ಗೀರಿದಳು.

ಉರಿ ಬಂತು, ಮುಖ ತೋರಿಸಿತು, ಹೋಯಿತು.

"ಕಟ್ಟಿಗೆ ಹಸಿ" ಎಂದರು ಒಬ್ಬರು. ಒಣ ತೆಂಗಿನ ಸಿಪ್ಪೆ ತಂದರು. ಹೋಯಿತು. "ಗಾಳಿ" ಎಂದರು. ಚಾಪೆ ಅಡ್ಡ ಹಿಡಿದರು. ಹೋಯಿತು. ಸೀಮೆಎಣ್ಣೆ ಸುರಿದರು, ಅದು ನೀರಿನಂತೆ ಕಲ್ಲಿನ ಮೇಲೆ ಹರಿದು ಸುಮ್ಮನಾಯಿತು. ಗುತ್ಯಮ್ಮ ಊದುಗೊಳವೆ ಹಿಡಿದು ಊದಿದಳು, ಊದಿದಳು, ಕೆನ್ನೆಯೆಲ್ಲ ಬೂದಿ ಮೆತ್ತಿಕೊಂಡು ಗುಡ್ಡದ ತಂಗಿಯಂತೆ ಕಂಡಳು. ನಗಬೇಕಾದವರು ಯಾರೂ ನಗಲಿಲ್ಲ. ಹೊರಗೆ ತೊಳೆದಿಟ್ಟ ಬಾಳೆಲೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು.

"ಸಾಕು ಬಿಡೇ ಗುತ್ಯಮ್ಮ" ಎಂದಳು ದುಗ್ಗಕ್ಕ ಹೊಸ್ತಿಲಾಚೆಯಿಂದ. "ನನ್ನದಲ್ಲ ಅಂತ ಅದಕ್ಕೆ ಗೊತ್ತಿದೆ. ನಂಗೂ ಗೊತ್ತಿತ್ತು, ಆದ್ರೂ ಸುಮ್ಮನಾದೆ. ಬೇಜಾರಿಲ್ಲ ಮಾರಾಯ್ರೇ. ಇಡೀ ಊರು ನನಗೋಸ್ಕರ ಒಂದೇ ಬಾಯಲ್ಲಿ ಸುಳ್ಳು ಹೇಳ್ತಲ್ಲ, ನನ್ನ ಹೊಟ್ಟೆ ತುಂಬ್ತು. ಯಾರ ಹೆತ್ತವ್ರೂ ಇಷ್ಟು ಮಾಡೂದಿಲ್ಲ." ಬಾಗಿ ಬಟ್ಟೆಯ ಗಂಟನ್ನು ಎತ್ತಿಕೊಂಡಳು. "ಇವತ್ತಿಂದ ಯಾರ ಸರದಿ? ಆ ಅಕ್ಕಿ ಅವರ ಮನೆಗೆ ತನ್ನಿ, ಅಲ್ಲೇ ಬೇಯ್ಸ್ತೆ."

ಗುತ್ಯಮ್ಮ ಊದುಗೊಳವೆಯನ್ನು ಒಗೆದು ಎದ್ದಳು. "ಎಲ್ಲಿಗೆ ಹೊರಟೆ? ನಿಲ್ಲು! ಹೌದು, ನಮ್ಮದೇ ಮುಚ್ಚಳ! ಆ ಹಂಡೆನ ಕೋಳಿಗೂಡಿನಡಿ ಕವುಚಿ ಇಟ್ಟು, ಕೋಳಿ ಹೆದರಿ ಮೊಟ್ಟೆ ಇಡೂದೇ ಬಿಟ್ಟಿದೆ, ಗೊತ್ತುಂಟಾ? ನನ್ನ ಮೂರೂ ಮಕ್ಕಳ ಬಾಣಂತನ ಮಾಡಿದವಳಿಗೆ ಒಂದು ಮುಚ್ಚಳ ಕೊಡೂಕೂ ಈ ಗುಡ್ಡ ಬಿಡೂದಿಲ್ಲ. ಕಣ್ಣಿಲ್ಲ ಇದಕ್ಕೆ, ಕಣ್ಣಿಲ್ಲ! ಒಂಟಿ ಚಪ್ಪಲಿಗೆ ಒಲೆ ಹತ್ತಿಸ್ತದೆ. ಮುರುಕು ಮಣೆಗೆ ಹತ್ತಿಸ್ತದೆ. ಬೂದಿಯಲ್ಲಿ ಬಿದ್ದು ಸಿಕ್ಕಿದ ಕಸಕಡ್ಡಿಗೆಲ್ಲ ಹತ್ತಿಸ್ತದೆ. ಇವಳೂ ಬೂದಿಯಲ್ಲಿ ಬಿದ್ದು ಸಿಕ್ಕಿದವಳೇ ಅಲ್ದಾ? ಇವಳಿಗೆ ಮಾತ್ರ..."

ಗುತ್ಯಮ್ಮನ ಮಾತು ಅರ್ಧಕ್ಕೆ ನಿಂತದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಅವಳು ತೆರೆದ ಬಾಯಲ್ಲೇ ದುಗ್ಗಕ್ಕನನ್ನು ನೋಡಿದಳು. ಅಲೆಯ ಸದ್ದು ಕೇಳಿಸಿತು.

ತೆಹೋನಪ್ಪ ಬಾಯಿಂದ ಕೊಳವೆ ತೆಗೆದ. "ಇನ್ನೊಮ್ಮೆ ಹೇಳು."

"ಬೂದಿಯಲ್ಲಿ ಸಿಕ್ಕಿದವಳು" ಎಂದಳು ಗುತ್ಯಮ್ಮ, ಬಹಳ ಸಣ್ಣ ದನಿಯಲ್ಲಿ. ತೆಹೋನಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

"ಎತ್ಕಂಡಾಗ ಬೆಚ್ಚಗಿತ್ತು ಅಂತ ನನ್ನವ್ವ ಹೇಳ್ತಿದ್ಲು" ಎಂದ ಅವನು. "ಕೂಸಲ್ವ, ಬೆಚ್ಚಗಿರೂದೇ ಅಂತ ನಾವು... ಆಗ ಇನ್ನೂ ತುರಿಮಣೆ ಬಂದಿರ್ಲಿಲ್ಲ. ಗುಡ್ಡ ವಾಪಸ್ ಕೊಡ್ತದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ." ಅವನು ಗುಡ್ಡದ ಕಡೆ ನೋಡಿದ. "ಹಳೇ ಊರಿಗಿಂತ ಹಿಂದೆ ಇನ್ನೊಂದು ಹಳೇ ಊರು ಇತ್ತು. ಅದನ್ನೂ ಇದೇ ನುಂಗಿದ್ದು. ನಮ್ಮವ್ರು ಅದರ ಹೆಸರು ಎತ್ತೂದಿಲ್ಲ, ಆ ಸಲ ಎಲ್ರೂ ಓಡಿ ಬದುಕ್ಲಿಲ್ಲ, ಕೂಸುಗಳೂ ಉಳೀಲಿಲ್ಲ."

ಮುಂದೆ ಆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಹಮ್ಮಯ್ಯ ಮುಗ್ಧವಾಗಿ, "ಹಾಗಾದ್ರೆ ದುಗ್ಗಕ್ಕ ಯಾರ ಮನೆಗೆ ಸೇರೂದು?" ಎಂದು ಕೇಳಿದ್ದೇ ತಡ, "ನಮ್ಮನೆಗೆ" ಎಂದಳು ಗುತ್ಯಮ್ಮ. "ನಿಮ್ಮನೆಗೆ ಹೇಗೆ? ನಮ್ಮನೆಗೆ" ಎಂದಳು ನನ್ನ ಹೆಂಡತಿ. ಎಡಗಾಲಿನ ಚಪ್ಪಲಿಯ ಮನೆಯವರು ತಮ್ಮ ಮುತ್ತಜ್ಜಿಯ ಮೂಗು ಥೇಟು ದುಗ್ಗಕ್ಕನ ಮೂಗು ಎಂದರು. ಒಂದು ಮುಚ್ಚಳ ನಮ್ಮದಲ್ಲವೆಂದು ಒಕ್ಕೊರಲಿನಿಂದ ಹೇಳಿದ್ದ ಊರು, ಈಗ ಒಬ್ಬ ಮುದುಕಿಗಾಗಿ ನಮ್ಮದು ನಮ್ಮದು ಎಂದು ಗಂಟಲು ಹರಿದುಕೊಂಡಿತು. ಬಾಳೆಲೆ ಹಿಡಿದವರು ಬಾಳೆಲೆಯಿಂದಲೇ ಎದುರಿನವರನ್ನು ತಿವಿದರು.

ತೆಹೋನಪ್ಪ ಕೋಲು ಕುಟ್ಟಿದ. "ಬಂದ ವಸ್ತು ಯಾರದು ಅಂತ ಹೇಳುವವರು ಈ ಊರಲ್ಲಿ ಒಬ್ರೇ ಇರೂದು. ಅವರು ಹೇಳ್ಲಿ." ಅವನು ದುಗ್ಗಕ್ಕನ ಕಡೆ ತಿರುಗಿದ. "ನೋಡಿ ಹೇಳು. ಯಾರದು?"

ದುಗ್ಗಕ್ಕ ಗಂಟನ್ನು ಕೆಳಗಿಟ್ಟಳು. ಅಭ್ಯಾಸಬಲದಿಂದ ತನ್ನ ಕೈಗಳನ್ನು ಎತ್ತಿ ಮುಂದೆ ನೋಡಿದಳು, ಮಗುಚಿ ಹಿಂದೆ ನೋಡಿದಳು. ಊರಿನ ಪಾತ್ರೆಗಳನ್ನೆಲ್ಲ ತಿಕ್ಕಿ ಬೆರಳುಗಳು ಸವೆದಿದ್ದವು. ಉಗುರಿನ ಸಂದಿನಲ್ಲಿ ಮುಚ್ಚಳದ ಬೂದಿ ಇನ್ನೂ ಇತ್ತು. ಬಹಳ ಹೊತ್ತು ನೋಡಿದಳು. ಅವಳ ತೀರ್ಪು ತಪ್ಪಿದ್ದಿಲ್ಲವಾದ್ದರಿಂದ ನಾವು ಎತ್ತಿದ ಬಾಳೆಲೆಗಳನ್ನು ಕೆಳಗಿಳಿಸಿ ಕಾದೆವು.

"ಇದು ನಂದು" ಎಂದಳು.

ತೆಹೋನಪ್ಪ ತಲೆಯಾಡಿಸಿದ. ಯಾರೂ ಎದುರು ಹೇಳಲಿಲ್ಲ. ಅವಳು ಹೊಸ್ತಿಲು ದಾಟಿ ಬಂದು, ಮಂಡಿ ನೋವಿಗೆ "ಅಯ್ಯಮ್ಮಾ" ಎನ್ನುತ್ತ, ಮುಚ್ಚಳವನ್ನು ಆಚೆ ಸರಿಸಿ ಅದಿದ್ದ ಜಾಗದಲ್ಲಿ ಒಲೆಯ ಪಕ್ಕ ಕುಳಿತಳು. ಗುತ್ಯಮ್ಮ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಳು. ಅದು ಬೇಕಾಗಲಿಲ್ಲ. ಆರಿದ್ದ ಸಿಪ್ಪೆಯ ನಡುವಿನಿಂದ ಉರಿ ತಾನಾಗಿ ಎದ್ದು, ಬಗ್ಗಿ ನೋಡುತ್ತಿದ್ದ ಹಮ್ಮಯ್ಯನ ಒಂದು ಹುಬ್ಬನ್ನು ತೆಗೆದುಕೊಂಡಿತು. ಆ ಹುಬ್ಬು ಮತ್ತೆ ಬರಲಿಲ್ಲ. ಅವನು ಅದನ್ನು ಹೊಸಬರಿಗೆಲ್ಲ ಬೆರಳಿಟ್ಟು ತೋರಿಸುತ್ತಾನೆ.

ಹಂಡೆಯನ್ನು ಕೋಳಿಗೂಡಿನಡಿಯಿಂದ ಎಳೆದು ತಂದು ತೊಳೆದರು. ಅಕ್ಕಿ ಬಿತ್ತು, ತೆಂಗಿನಹಾಲು ಬಿತ್ತು. ಹಮ್ಮಯ್ಯ ಮುಚ್ಚಳವನ್ನೆತ್ತಿ ಹಂಡೆಯ ಮೇಲಿಟ್ಟ. ಎಲ್ಲೂ ಒಂದೆಳೆ ಸಂದಿಲ್ಲದೆ ಕೂತಿತು. ಗುತ್ಯಮ್ಮ ಅದರ ಮೇಲೆ ಕೈಯಿಟ್ಟು, "ಅಜ್ಜಿ ಇರಬೇಕಿತ್ತು. ಅಜ್ಜನ ಮೇಲಿನ ಸಿಟ್ಟು ಇವತ್ತಿಗಾದ್ರೂ ಇಳೀತಿತ್ತು" ಎಂದಳು. ದುಗ್ಗಕ್ಕ ಒಲೆಯ ಪಕ್ಕದಿಂದ ಏಳಲಿಲ್ಲ. ಎದ್ದರೆ ಆರಿಹೋಗುತ್ತದೋ ಏನೋ ಎಂಬ ಹೆದರಿಕೆಯಿಂದ ಕುಳಿತಲ್ಲಿಂದಲೇ ಕೈ ಚಾಚಿ ಉಪ್ಪು ಹಾಕಿದಳು. ಹಾಕಿದ್ದು ಮರೆತು ಮತ್ತೆ ಹಾಕಿದಳು. ಯಾರೋ ಕರೆದರೆಂದು ತಿರುಗಿ, ಈ ಕಡೆ ತಿರುಗಿದ ಮೇಲೆ ಇನ್ನೊಮ್ಮೆ ಹಾಕಿದಳು. ನನ್ನ ಹೆಂಡತಿ ಅದನ್ನು ನೋಡಿ ನನ್ನ ಮುಖ ನೋಡಿದಳು. ನಾನು ಸಮುದ್ರ ನೋಡಿದೆ.

ಮಧ್ಯಾಹ್ನ ಊರೆಲ್ಲ ಕಪ್ಪು ಕಲ್ಲಿನ ಮೇಲೆ ಸಾಲಾಗಿ ಕುಳಿತಿತು. ದುಗ್ಗಕ್ಕ ಆಮೇಲೆ ಧೈರ್ಯ ಮಾಡಿ ಎದ್ದಳು, ಒಲೆ ಉರಿಯುತ್ತಲೇ ಇತ್ತು, ಅವಳೇ ಬಡಿಸಿಕೊಂಡು ಬಂದಳು. ಮೊದಲ ತುತ್ತಿಗೆ ತೆಹೋನಪ್ಪನ ಕಣ್ಣಲ್ಲಿ ನೀರು ಬಂತು. "ಹೇಗಿದೆ?" ಎಂದು ಕೇಳಿದಳು ದುಗ್ಗಕ್ಕ. ಅವನಿಗೆ ಕೇಳಿಸಲಿಲ್ಲ. "ಹೇಗಿದೆಯೇ?" ಎಂದು ಗುತ್ಯಮ್ಮನನ್ನು ಕೇಳಿದಳು. ಹುಟ್ಟಿದಾಗಿನಿಂದ ಯಾರ ಅಡುಗೆಯನ್ನೂ ಒಪ್ಪದ ಗುತ್ಯಮ್ಮ ಎಲೆ ಮುಂದೆ ಸರಿಸಿ, "ಇನ್ನೊಂದು ಸೌಟು ಹಾಕು" ಎಂದಳು.

ಎಲ್ಲರೂ ಎರಡನೆಯ ಸಲ ಹಾಕಿಸಿಕೊಂಡರು, ಉಂಡೆದ್ದು ದುಗ್ಗಕ್ಕನಿಗೆ ಕೈಮುಗಿದು ಮನೆಗೆ ಹೋದರು. ಗಂಜಿಗೆ ಉಪ್ಪು ಹೆಚ್ಚಾಗಿತ್ತು.